ಆಪರೇಷನ್‌ಗೆ ಮೊದಲೇ ಜೋಡಿ ಔಷಧ: ಮೂತ್ರಕೋಶದ ಕ್ಯಾನ್ಸರಿಗೆ ಹೊಸ ದಾರಿ



ಮೂತ್ರದಲ್ಲಿ ಒಂದು ದಿನ ರಕ್ತ ಕಾಣಿಸುತ್ತದೆ. ನೋವಿಲ್ಲ, ಉರಿಯಿಲ್ಲ. ಮರುದಿನ ಮೂತ್ರ ತಿಳಿಯಾಗಿರುತ್ತದೆ. "ಉಷ್ಣ ಆಗಿರಬೇಕು, ಎಳನೀರು ಕುಡಿದರೆ ಸರಿಹೋಗುತ್ತದೆ" ಎಂದು ಸುಮ್ಮನಾಗುವವರೇ ಹೆಚ್ಚು. ಆದರೆ ಮೂತ್ರಕೋಶದ ಕ್ಯಾನ್ಸರಿನ ಮೊದಲ ಸೂಚನೆ ಬಹಳ ಸಲ ಇದೇ ಆಗಿರುತ್ತದೆ. ಬೀಡಿ ಸಿಗರೇಟು ಸೇದುವವರಿಗೆ, ಬಣ್ಣ ಮತ್ತು ರಬ್ಬರ್ ಕಾರ್ಖಾನೆಗಳಲ್ಲಿ ವರ್ಷಗಟ್ಟಲೆ ದುಡಿದವರಿಗೆ ಇದರ ಅಪಾಯ ಹೆಚ್ಚು. ಕಾರ್ಖಾನೆಗಳ ನೆರಳಲ್ಲೇ ಬೆಳೆದ ಭಾಂಡುಪ್‌ನ ನಾವು ಇದನ್ನು ತಿಳಿದಿರುವುದು ಒಳ್ಳೆಯದು.

ಈ ಕ್ಯಾನ್ಸರ್ ಹುಟ್ಟುವುದು ಮೂತ್ರಕೋಶದ ಒಳಪದರದಲ್ಲಿ. ಅಲ್ಲಿಗೇ ನಿಂತಿದ್ದರೆ ಮೂತ್ರನಾಳದ ಮೂಲಕ ದುರ್ಬೀನು ಹಾಕಿ ಗಡ್ಡೆಯನ್ನು ಕೆರೆದು ತೆಗೆಯುತ್ತಾರೆ. ಗೋಡೆಯ ಸ್ನಾಯುವಿನೊಳಗೆ ಇಳಿದಿದ್ದರೆ ಸಾಮಾನ್ಯವಾಗಿ ಇಡೀ ಮೂತ್ರಕೋಶವನ್ನೇ ತೆಗೆಯಬೇಕಾಗುತ್ತದೆ. ಆಮೇಲೆ ಮೂತ್ರ ಹೊಟ್ಟೆಯ ಮೇಲಿನ ಚೀಲಕ್ಕೆ ಹೋಗುತ್ತದೆ, ಇಲ್ಲವೇ ಕರುಳಿನ ತುಂಡಿನಿಂದ ಹೊಸ ಕೋಶ ಮಾಡಿಕೊಡುತ್ತಾರೆ.

ಇಷ್ಟು ದೊಡ್ಡ ಆಪರೇಷನ್ ಆದ ಮೇಲೂ ಹಲವರಲ್ಲಿ ರೋಗ ಮರಳುತ್ತದೆ. ಏಕೆಂದರೆ ಸ್ಕ್ಯಾನ್‌ನಲ್ಲಿ ಕಾಣದಷ್ಟು ಸಣ್ಣ ಕಣಗಳು ಅಷ್ಟರಲ್ಲೇ ಬೇರೆ ಕಡೆ ಬೀಜ ಬಿತ್ತಿರುತ್ತವೆ. ಅದಕ್ಕೇ ವೈದ್ಯರು ಆಪರೇಷನ್‌ಗೆ ಮೊದಲೇ ಕೀಮೋ ಕೊಡುತ್ತಾ ಬಂದಿದ್ದಾರೆ. ಆಪರೇಷನ್ ಆದ ಮೇಲೆ ಶರೀರ ಬಳಲಿರುತ್ತದೆ, ಕಿಡ್ನಿ ಸೊರಗಿರಬಹುದು. ಆಗ ಸಿಸ್‌ಪ್ಲಾಟಿನ್‌ನಂಥ ಖಾರವಾದ ಔಷಧವನ್ನು ತಡೆದುಕೊಳ್ಳುವುದು ಅನೇಕರಿಗೆ ಸಾಧ್ಯವಾಗುವುದಿಲ್ಲ.

ಈಗ ಅದರ ಜೊತೆಗೆ ಇಮ್ಯುನೊಥೆರಪಿ ಸೇರಿದೆ. ಅದು ಏನು ಮಾಡುತ್ತದೆ? ನಮ್ಮ ರಕ್ತದಲ್ಲಿರುವ ರಕ್ಷಣಾ ಕಣಗಳಿಗೆ ಒಂದು ಬ್ರೇಕ್ ಇರುತ್ತದೆ. ಕ್ಯಾನ್ಸರ್ ಕಣ ಆ ಬ್ರೇಕನ್ನು ಒತ್ತಿ ತಪ್ಪಿಸಿಕೊಳ್ಳುತ್ತದೆ. ಇಮ್ಯುನೊಥೆರಪಿ ಔಷಧ ಆ ಬ್ರೇಕನ್ನು ಬಿಡಿಸುತ್ತದೆ. ಈ ಬ್ರೇಕ್‌ಗಳ ಗುಟ್ಟು ಬಯಲು ಮಾಡಿದ ಜೇಮ್ಸ್ ಆಲಿಸನ್ ಮತ್ತು ತಸುಕು ಹೊಂಜೊ ಅವರಿಗೆ 2018ರಲ್ಲಿ ನೊಬೆಲ್ ಬಂತು. ಗಡ್ಡೆ ಒಳಗಿರುವಾಗಲೇ ಈ ಔಷಧ ಕೊಟ್ಟರೆ ರಕ್ಷಣಾ ಕಣಗಳು ಶತ್ರುವಿನ ಮುಖಪರಿಚಯ ಚೆನ್ನಾಗಿ ಮಾಡಿಕೊಂಡು, ಆಮೇಲೂ ಹುಡುಕಿ ಹೊಡೆಯುತ್ತವೆ ಎಂಬುದು ಇದರ ಹಿಂದಿನ ಲೆಕ್ಕಾಚಾರ.

ಲೆಕ್ಕಾಚಾರ ನಿಜವೇ? 2024ರಲ್ಲಿ ಪ್ರಕಟವಾದ 'ನಯಾಗರಾ' ಎಂಬ ಅಧ್ಯಯನದಲ್ಲಿ 1,063 ರೋಗಿಗಳಿದ್ದರು. ಎಲ್ಲರಿಗೂ ಆಪರೇಷನ್‌ಗೆ ಮೊದಲು ಮೂರು ವಾರಕ್ಕೊಮ್ಮೆ, ನಾಲ್ಕು ಸಲ ಕೀಮೋ. ಅರ್ಧದಷ್ಟು ಜನರಿಗೆ ಅದರ ಜೊತೆಗೆ ಡರ್ವಾಲುಮಾಬ್ ಎಂಬ ಇಮ್ಯುನೊಥೆರಪಿ, ಆಪರೇಷನ್ ನಂತರ ಅದೇ ಔಷಧ ಇನ್ನೂ ಎಂಟು ಸಲ. ಎರಡು ವರ್ಷ ಕಳೆದಾಗ ಜೋಡಿ ಔಷಧ ಪಡೆದವರಲ್ಲಿ 100ಕ್ಕೆ ಸುಮಾರು 82 ಮಂದಿ, ಬರೀ ಕೀಮೋ ಪಡೆದವರಲ್ಲಿ 75 ಮಂದಿ ಬದುಕಿದ್ದರು. ಜೋಡಿ ಔಷಧದಿಂದ ಆಪರೇಷನ್ ತಪ್ಪಿಹೋಗುತ್ತದೆಂಬ ಭಯವೂ ನಿಜವಾಗಲಿಲ್ಲ. ಅಮೆರಿಕದಲ್ಲಿ ಈ ಕ್ರಮಕ್ಕೆ 2025ರ ಮಾರ್ಚ್‌ನಲ್ಲಿ ಒಪ್ಪಿಗೆ ಸಿಕ್ಕಿತು.

ನೂರಕ್ಕೆ ಏಳು ಎಂದರೆ ಪವಾಡವಲ್ಲ. ಆದರೆ ಆ ಏಳರಲ್ಲಿ ಒಬ್ಬರು ನಮ್ಮ ಮನೆಯವರಾದರೆ ಅದು ಸಣ್ಣ ಸಂಖ್ಯೆಯೂ ಅಲ್ಲ.

ತೊಂದರೆಗಳೂ ಇವೆ. ಕಿಡ್ನಿ ದುರ್ಬಲವಾಗಿದ್ದರೆ ಸಿಸ್‌ಪ್ಲಾಟಿನ್ ಕೊಡಲಾಗುವುದಿಲ್ಲ, ಅಂಥವರಿಗೆ ಬೇರೆ ಔಷಧಗಳನ್ನು ಯೋಚಿಸುತ್ತಾರೆ. ಬ್ರೇಕ್ ಬಿಟ್ಟ ರಕ್ಷಣಾ ಕಣಗಳು ಕೆಲವೊಮ್ಮೆ ಸ್ವಂತ ಶರೀರದ ಮೇಲೆಯೇ ತಿರುಗಿಬೀಳಬಹುದು. ಬಿಡದ ಭೇದಿ, ಕೆಮ್ಮು, ಏದುಸಿರು, ಮೈತುಂಬ ತುರಿಕೆ, ವಿಪರೀತ ಸುಸ್ತು ಕಂಡರೆ ಅಂದೇ ವೈದ್ಯರಿಗೆ ತಿಳಿಸಬೇಕು.

ಇನ್ನು ಖರ್ಚು. 2024ರ ಕೇಂದ್ರ ಬಜೆಟ್‌ನಲ್ಲಿ ಡರ್ವಾಲುಮಾಬ್ ಮೇಲಿನ ಆಮದು ಸುಂಕ ತೆಗೆದರೂ ಅದು ಸಾಮಾನ್ಯರಿಗೆ ದುಬಾರಿಯೇ. ಇದಕ್ಕೆ ಉತ್ತರ ಹುಡುಕುವ ಕೆಲಸ ನಮ್ಮ ಊರಲ್ಲೇ ನಡೆದಿದೆ. ಭಾಂಡುಪ್‌ನಿಂದ ಸ್ಲೋ ಗಾಡಿ ಹಿಡಿದು ಪರೇಲ್‌ನಲ್ಲಿ ಇಳಿದರೆ ಸಿಗುವ ಟಾಟಾ ಆಸ್ಪತ್ರೆಯ ವೈದ್ಯರು, ಬಾಯಿ ಮತ್ತು ಗಂಟಲಿನ ಮುಂದುವರಿದ ಕ್ಯಾನ್ಸರಿನಲ್ಲಿ ನಿವೊಲುಮಾಬ್ ಎಂಬ ಇಮ್ಯುನೊಥೆರಪಿಯನ್ನು ಮಾಮೂಲಿ ಪ್ರಮಾಣದ ಹತ್ತನೇ ಒಂದು ಪಾಲಿಗಿಂತಲೂ ಕಡಿಮೆ, ಬರೀ 20 ಮಿಲಿಗ್ರಾಂ ಕೊಟ್ಟು ನೋಡಿದರು. ಒಂದು ವರ್ಷ ಬದುಕಿದವರ ಪ್ರಮಾಣ 100ಕ್ಕೆ 16ರಿಂದ 43ಕ್ಕೆ ಏರಿತು. ಮೂತ್ರಕೋಶಕ್ಕೆ ಇದನ್ನೇ ಅನ್ವಯಿಸಲಾಗದು, ಆದರೂ ಆಶಾಕಿರಣ ಹೌದು.

ಕೊನೆಗೆ, ಯಾರಿಗಾದರೂ ಇಂಥ ಆಪರೇಷನ್ ಹೇಳಿದ್ದರೆ ತಾರೀಖು ಗೊತ್ತುಮಾಡುವ ಮೊದಲು ಕೇಳಿ: ರೋಗ ಸ್ನಾಯುವಿಗೆ ಇಳಿದಿದೆಯೇ? ಕಿಡ್ನಿ ಸಿಸ್‌ಪ್ಲಾಟಿನ್ ತಡೆಯುತ್ತದೆಯೇ? ಮೊದಲು ಕೀಮೋ ಮತ್ತು ಇಮ್ಯುನೊಥೆರಪಿ ಕೊಡಬಹುದೇ? ಖರ್ಚಿಗೆ ಯಾವ ನೆರವು ಸಿಗುತ್ತದೆ? ಕ್ಯಾನ್ಸರ್ ಔಷಧ ತಜ್ಞರನ್ನೂ ಒಮ್ಮೆ ಕಾಣಿ. ಆಪರೇಷನ್ ಆದ ಮೇಲೆ ಕೇಳಿದರೆ ಈ ದಾರಿ ಮುಚ್ಚಿರುತ್ತದೆ.

ಮೂತ್ರದಲ್ಲಿ ರಕ್ತ ಒಮ್ಮೆ ಕಂಡರೂ ಸಾಕು, ಎಳನೀರು ಆಮೇಲೆ ಕುಡಿಯೋಣ, ಮೊದಲು ವೈದ್ಯರ ಬಳಿ ಹೋಗೋಣ.