ಬೋರ್ಡು ಚಿಕ್ಕದು, ಸಾಲು ದೊಡ್ಡದು

ಬಟ್ಟೆ ಅಂಗಡಿ ತೆರೆದವರು ಆಟೊಗೆ ಮೈಕ್ ಕಟ್ಟಿ ಊರೆಲ್ಲ ಕೂಗಿಸಬಹುದು. ಕ್ಲಿನಿಕ್ ತೆರೆದ ವೈದ್ಯರಿಗೆ ಆ ಭಾಗ್ಯವಿಲ್ಲ. ಭಾರತೀಯ ವೈದ್ಯಕೀಯ ಮಂಡಳಿಯ 2002ರ ನೀತಿಸಂಹಿತೆಯಂತೆ ಅವರು ಪತ್ರಿಕಾ ಪ್ರಕಟಣೆ ಕೊಡಬಹುದಾದ ಸಂದರ್ಭಗಳು ಕೆಲವೇ: ವೃತ್ತಿ ಆರಂಭಿಸಿದಾಗ, ವಿಳಾಸ ಬದಲಾದಾಗ, ರಜೆ ಹೋದಾಗ, ಮರಳಿ ಬಂದಾಗ, ಇನ್ನೊಬ್ಬರ ಕ್ಲಿನಿಕ್ ವಹಿಸಿಕೊಂಡಾಗ, ಹೀಗೆ. ಬೋರ್ಡು ಅತಿ ದೊಡ್ಡದಿರಬಾರದು. ಅದನ್ನು ಮೆಡಿಕಲ್ ಶಾಪಿಗೆ ತಗುಲಿಸುವಂತೆಯೂ ಇಲ್ಲ.

ಆದರೂ ಸಂಜೆಯಾದರೆ ಕೆಲವು ಕ್ಲಿನಿಕ್ಕುಗಳ ಮುಂದೆ ಚಪ್ಪಲಿ ಬಿಡಲು ಜಾಗ ಸಿಗುವುದಿಲ್ಲ. ಮಂಡ್ಯದ ಚರ್ಮರೋಗ ತಜ್ಞ ಡಾ. ಶಂಕರೇಗೌಡರು ‘ಐದು ರೂಪಾಯಿ ಡಾಕ್ಟರ್’ ಎಂದೇ ಹೆಸರಾದವರು. ಆ ಹೆಸರು ಬಾಯಿಂದ ಬಾಯಿಗೆ ಹಬ್ಬಿದ್ದು. ಎಲ್ಲರಿಗೂ ಐದು ರೂಪಾಯಿಯ ದಾರಿ ಹಿಡಿಯಲಾಗದು, ನಿಜ. ಬಾಡಿಗೆ, ಸಂಬಳ, ಬ್ಯಾಂಕಿನ ಕಂತು ಯಾರ ಮುಖವನ್ನೂ ನೋಡುವುದಿಲ್ಲ.

ಕ್ಲಿನಿಕ್ಕಿನ ಅರ್ಧ ಜೀವ ಹೊರಗಿನ ಮೇಜಿನಲ್ಲಿರುತ್ತದೆ. ಅಲ್ಲಿ ಕೂತವರನ್ನು ಊರು ಈಗಲೂ ಕಾಂಪೌಂಡರ್ ಅಂತಲೇ ಕರೆಯುತ್ತದೆ. “ಅಜ್ಜಿ, ಹೋದ ಸಲದ ಶುಗರ್ ಚೀಟಿ ತಂದಿದ್ದೀರಾ?” ಎನ್ನುತ್ತಲೇ ಟೋಕನ್ ಹರಿದು ಕೊಡುವುದು, ಜ್ವರದಿಂದ ಕೆಂಡವಾದ ಮಗುವನ್ನು ಸಾಲು ದಾಟಿಸಿ ಮೊದಲು ಒಳಗೆ ಕಳಿಸುವುದು, ಮುನಿಸಿಕೊಂಡವರನ್ನು ಸಮಾಧಾನಪಡಿಸುವುದು, ಫೋನ್‌ಪೇ ಸದ್ದು ಬಂತೇ ಎಂದು ಕಿವಿಗೊಡುವುದು ಎಲ್ಲವೂ ಅವರ ಪಾಲಿನ ಕೆಲಸ. ಎಂಬಿಬಿಎಸ್ ಪಾಠದಲ್ಲಿ ಈ ವಿದ್ಯೆಗೆ ಜಾಗವಿಲ್ಲ.

ರೋಗಿಗಳ ಕಣ್ಣಿಗೆ ಬೀಳದ ಕೆಲಸವೂ ಸಾಕಷ್ಟಿದೆ. ಕರ್ನಾಟಕದಲ್ಲಿ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿ ಕಡ್ಡಾಯ. 2017ರ ತಿದ್ದುಪಡಿಯ ವಿರುದ್ಧ ಆ ನವೆಂಬರಿನಲ್ಲಿ ರಾಜ್ಯದ ಖಾಸಗಿ ವೈದ್ಯರು ಮುಷ್ಕರ ಹೂಡಿದ್ದು ಹಲವರಿಗೆ ನೆನಪಿರಬಹುದು. ಕಸಕ್ಕೂ 2016ರ ನಿಯಮಗಳಿವೆ: ರಕ್ತ ತಾಗಿದ ಹತ್ತಿ ಹಳದಿ ಚೀಲಕ್ಕೆ, ಸಲೈನ್ ನಳಿಕೆ ಕೆಂಪಿಗೆ, ಸೂಜಿ ಚುಚ್ಚಿದರೂ ತೂತಾಗದ ಬಿಳಿ ಡಬ್ಬಿಗೆ. 1995ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಶುಲ್ಕ ಪಡೆದು ನೀಡುವ ಚಿಕಿತ್ಸೆ ಗ್ರಾಹಕ ಕಾಯ್ದೆಯ ವ್ಯಾಪ್ತಿಗೂ ಬಂದಿದೆ. ಹಾಗಾಗಿ ಬರೆದಿಟ್ಟ ದಾಖಲೆಯೇ ವೈದ್ಯರಿಗೆ ಆಸರೆ. ತೆರಿಗೆಯಲ್ಲಿ ಮಾತ್ರ ಸ್ವಲ್ಪ ಉಸಿರಾಡಬಹುದು. ನಗದು ವಹಿವಾಟು ಶೇ 5 ಮೀರದಿದ್ದರೆ, 75 ಲಕ್ಷ ರೂಪಾಯಿವರೆಗಿನ ಗಳಿಕೆಯಲ್ಲಿ ಅರ್ಧವನ್ನು ಆದಾಯವೆಂದು ತೋರಿಸಿ ಲೆಕ್ಕಪುಸ್ತಕದ ತಲೆನೋವು ತಪ್ಪಿಸಿಕೊಳ್ಳಬಹುದು.

ತಾಲ್ಲೂಕು ಊರುಗಳಲ್ಲಿ ಕ್ಲಿನಿಕ್ ಬೆಳೆಯುವ ಬಗೆ ಚಿರಪರಿಚಿತ. ಗಂಡ ಫಿಜಿಷಿಯನ್, ಹೆಂಡತಿ ಹೆರಿಗೆ ತಜ್ಞೆ. ಕೆಳಗೆ ನರ್ಸಿಂಗ್ ಹೋಮ್, ಮೇಲೆ ಮನೆ. ಮೊದಲು ಲ್ಯಾಬ್ ಬರುತ್ತದೆ, ಆಮೇಲೆ ಸ್ಕ್ಯಾನಿಂಗ್. ಸ್ಕ್ಯಾನಿಂಗ್ ಯಂತ್ರಕ್ಕೆ 1994ರ ಲಿಂಗಪತ್ತೆ ನಿಷೇಧ ಕಾಯ್ದೆಯಡಿ ಪ್ರತ್ಯೇಕ ನೋಂದಣಿ ಬೇಕು. ಬೆಳೆಯಲು ಇನ್ನೊಂದು ಅಡ್ಡದಾರಿಯೂ ಉಂಟು: ರೋಗಿಯನ್ನು ಕಳಿಸಿದ್ದಕ್ಕೆ ಪಡೆಯುವ ಕಮಿಷನ್. ನೀತಿಸಂಹಿತೆ ಅದನ್ನು ಸ್ಪಷ್ಟವಾಗಿ ನಿಷೇಧಿಸಿದೆ. ಬೇಡದ ಪರೀಕ್ಷೆಗಳ ಚೀಟಿ ಹಿಡಿದು ಅಲೆದವರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ.

ಈಗಿನ ಚಿಂತೆ ವಾರಸುದಾರಿಕೆಯದು. ಸೂಪರ್ ಸ್ಪೆಷಾಲಿಟಿ ಓದಿದ ಮಗಳು ಬೆಂಗಳೂರಿನ ದೊಡ್ಡ ಆಸ್ಪತ್ರೆಯನ್ನು ಬಿಟ್ಟು ಅಪ್ಪನ ಕುರ್ಚಿಗೆ ಬರುವುದು ಅಪರೂಪ. ಕ್ಲಿನಿಕ್ಕನ್ನು ಬೇರೆಯವರಿಗೆ ವಹಿಸಬೇಕಾದಾಗ ಮೇಜು, ಮಂಚ, ಬಿಪಿ ಯಂತ್ರಕ್ಕೆ ಬೆಲೆ ಕಟ್ಟುವುದು ಸುಲಭ, ಜನರ ನಂಬಿಕೆಗೆ ಕಟ್ಟುವುದು ಕಷ್ಟ. ಕೊಳ್ಳಲು ಬಂದವರು ಬುದ್ಧಿವಂತರಾಗಿದ್ದರೆ ಹಳೆಯ ಕಾಂಪೌಂಡರ್ ಉಳಿಯುತ್ತಾರೋ ಇಲ್ಲವೋ ಎಂದೂ ಕೇಳಿಕೊಳ್ಳುತ್ತಾರೆ.