ಸ್ವಂತ ಜಾಲತಾಣ: ಬರೆಯುವವರೇ ಸಂಪಾದಕರು, ಹೊಣೆಯೂ ಅವರದೇ

ಪತ್ರಿಕೆಯಲ್ಲಿ ಒಂದು ಲೇಖನ ಅಚ್ಚಾಗಬೇಕಾದರೆ ಅದು ಹಲವರ ಕಣ್ಣಿಗೆ ಬಿದ್ದೇ ಹೋಗಬೇಕು. ಉಪಸಂಪಾದಕರು ತಿದ್ದುತ್ತಾರೆ, ಸಂಪಾದಕರು ಒಪ್ಪಿಗೆ ನೀಡುತ್ತಾರೆ, ಮುದ್ರಕರು ಮತ್ತು ಪ್ರಕಾಶಕರು ಕಾನೂನಿಗೆ ಉತ್ತರದಾಯಿಗಳಾಗಿರುತ್ತಾರೆ. ಸ್ವಂತ ಜಾಲತಾಣದಲ್ಲಿ ಇವರೆಲ್ಲರೂ ಒಬ್ಬರೇ. ವರ್ಷಕ್ಕೆ ಕೆಲವು ನೂರು ರೂಪಾಯಿ ತೆತ್ತು ಹೆಸರೊಂದನ್ನು ನೋಂದಾಯಿಸಿದ ದಿನವೇ ಸಾಮಾನ್ಯ ನಾಗರಿಕರೂ ಪ್ರಕಾಶಕರಾಗುತ್ತಾರೆ. ಈ ಬದಲಾವಣೆ ಬಹುತೇಕರ ಅರಿವಿಗೆ ಬರುವುದು ವಕೀಲರ ನೋಟಿಸು ಕೈಸೇರಿದಾಗ.

ನಿವೃತ್ತ ಶಿಕ್ಷಕರೊಬ್ಬರು ತಮ್ಮ ಊರಿನ ಕುರಿತು ಜಾಲತಾಣ ರೂಪಿಸಲು ಹೊರಟಿದ್ದಾರೆ ಎಂದಿಟ್ಟುಕೊಳ್ಳೋಣ. ಮುಖಪುಟಕ್ಕೆ ಡಿ.ವಿ.ಜಿ.ಯವರ ಕಗ್ಗದ ಪದ್ಯಗಳು, ಅಂತರ್ಜಾಲದಲ್ಲಿ ದೊರೆತ ಜಾತ್ರೆಯ ಚಿತ್ರಗಳು, ಶಾಲಾ ವಾರ್ಷಿಕೋತ್ಸವದ ಮಕ್ಕಳ ಫೋಟೋಗಳು, ಕೆರೆ ಕಾಮಗಾರಿಯಲ್ಲಿ ನಡೆದಿದೆಯೆನ್ನಲಾದ ಅವ್ಯವಹಾರದ ಕುರಿತು ಒಂದು ಲೇಖನ. ಉದ್ದೇಶ ಒಳ್ಳೆಯದೇ. ಆದರೆ ಇವುಗಳಲ್ಲಿ ಒಂದೊಂದಕ್ಕೂ ಬೇರೆಬೇರೆ ಕಾನೂನು ಅನ್ವಯಿಸುತ್ತದೆ.

ಹೆಸರಿನಿಂದಲೇ ಆರಂಭ

ಡೊಮೇನ್ ಹೆಸರು ಕೇವಲ ವಿಳಾಸವಲ್ಲ ಎಂಬುದನ್ನು ಸುಪ್ರೀಂ ಕೋರ್ಟ್ 2004ರಲ್ಲಿ ಸ್ಪಷ್ಟಪಡಿಸಿತು. ಆ ಪ್ರಕರಣ ಆರಂಭವಾದದ್ದು ಬೆಂಗಳೂರಿನ ಸಿವಿಲ್ ನ್ಯಾಯಾಲಯದಲ್ಲಿ. 'ಸಿಫಿ' ಹೆಸರನ್ನು ಬಳಸುತ್ತಿದ್ದ ಸತ್ಯಂ ಇನ್ಫೋವೇ ಸಂಸ್ಥೆಯು 'ಸಿಫಿನೆಟ್' ಎಂಬ ಹೆಸರಿನ ವಿರುದ್ಧ ಮೊಕದ್ದಮೆ ಹೂಡಿತ್ತು. ಸಿವಿಲ್ ನ್ಯಾಯಾಲಯ ನೀಡಿದ ತಡೆಯಾಜ್ಞೆಯನ್ನು ಹೈಕೋರ್ಟ್ ರದ್ದುಪಡಿಸಿತು, ಸುಪ್ರೀಂ ಕೋರ್ಟ್ ಮತ್ತೆ ಎತ್ತಿಹಿಡಿಯಿತು. ವಾಣಿಜ್ಯ ಚಿಹ್ನೆಗೆ ಇರುವಂಥ ರಕ್ಷಣೆ ಡೊಮೇನ್ ಹೆಸರಿಗೂ ಉಂಟು ಎಂಬುದು ಅದರ ಸಾರ. ಸ್ವಂತ ಹೆಸರನ್ನೋ ಊರಿನ ಹೆಸರನ್ನೋ ಪ್ರಾಮಾಣಿಕವಾಗಿ ಬಳಸುವವರಿಗೆ ಸಾಮಾನ್ಯವಾಗಿ ತೊಡಕಿಲ್ಲ. ಪ್ರಸಿದ್ಧ ಸಂಸ್ಥೆಯ ಹೆಸರನ್ನು ಹೋಲುವ ವಿಳಾಸವನ್ನು ಲಾಭಕ್ಕಾಗಿ ಕಾದಿರಿಸುವವರಿಗೆ ತೊಡಕು ತಪ್ಪದು.

'ಚಿತ್ರಕೃಪೆ: ಅಂತರ್ಜಾಲ' ಸಾಲದು

1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಸಾಹಿತ್ಯ ಕೃತಿಯ ಹಕ್ಕು ಲೇಖಕರ ಜೀವಿತಾವಧಿಗೂ ನಂತರದ 60 ವರ್ಷಗಳಿಗೂ ಅನ್ವಯಿಸುತ್ತದೆ. ಈ ಅವಧಿಯನ್ನು ನಿಧನದ ಮುಂದಿನ ವರ್ಷದ ಆರಂಭದಿಂದ ಎಣಿಸಲಾಗುತ್ತದೆ. 1975ರಲ್ಲಿ ನಿಧನರಾದ ಡಿ.ವಿ.ಜಿ.ಯವರು ತಮ್ಮ ಜೀವಿತಕಾಲದಲ್ಲಿ ಪ್ರಕಟಿಸಿದ ಕೃತಿಗಳಿಗೆ 2035ರ ಅಂತ್ಯದವರೆಗೆ, 1994ರಲ್ಲಿ ನಿಧನರಾದ ಕುವೆಂಪು ಅವರ ಅಂಥ ಕೃತಿಗಳಿಗೆ 2054ರ ಅಂತ್ಯದವರೆಗೆ ರಕ್ಷಣೆ ಇದೆ. ವಿಮರ್ಶೆಯ ಸಂದರ್ಭದಲ್ಲಿ ಅಗತ್ಯವಿರುವಷ್ಟು ಸಾಲುಗಳನ್ನು ಉದ್ಧರಿಸಲು ಕಾಯ್ದೆಯೇ ಅವಕಾಶ ನೀಡಿದೆ. ಇಡೀ ಕೃತಿಯನ್ನು ಏರಿಸಲು ಅನುಮತಿ ಬೇಕು. ಪಂಪನ ಕಾವ್ಯಕ್ಕೆ ಈ ನಿರ್ಬಂಧವಿಲ್ಲ. ಆದರೆ ಅದಕ್ಕೆ ಈಚಿನ ವಿದ್ವಾಂಸರು ಬರೆದ ಗದ್ಯಾನುವಾದ ಮತ್ತು ಟಿಪ್ಪಣಿಗಳಿಗೆ ಅವುಗಳದೇ ಹಕ್ಕು ಇರುತ್ತದೆ.

2012ರ ತಿದ್ದುಪಡಿಯ ನಂತರ ಛಾಯಾಚಿತ್ರಗಳಿಗೂ ಇದೇ ದೀರ್ಘ ಅವಧಿ ದೊರೆತಿದೆ. ಹೀಗಾಗಿ 'ಚಿತ್ರಕೃಪೆ: ಅಂತರ್ಜಾಲ' ಎಂಬ ಒಕ್ಕಣೆಗೆ ಕಾನೂನಿನ ಬಲವಿಲ್ಲ. ಚಿತ್ರ ತೆಗೆದದ್ದು ಅಂತರ್ಜಾಲವಲ್ಲ, ಒಬ್ಬ ಮನುಷ್ಯ. ವಿಕಿಪೀಡಿಯದ ಬರಹವನ್ನು ಮುಕ್ತವಾಗಿ ಬಳಸಬಹುದಾದರೂ ಮೂಲವನ್ನು ನಮೂದಿಸಬೇಕು, ಅದನ್ನು ಬದಲಿಸಿ ಪ್ರಕಟಿಸಿದರೆ ಅದೇ ಪರವಾನಗಿಯಡಿ ಇತರರಿಗೂ ಬಿಟ್ಟುಕೊಡಬೇಕು.

ಮಕ್ಕಳ ಚಿತ್ರ, ಪರರ ವಿವರ

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರಲ್ಲಿ ಒಮ್ಮತದಿಂದ ತೀರ್ಪಿತ್ತಿತು. ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2023ರಲ್ಲಿ ವೈಯಕ್ತಿಕ ದತ್ತಾಂಶ ರಕ್ಷಣೆಗೆ ಪ್ರತ್ಯೇಕ ಕಾಯ್ದೆ ಬಂದಿತು. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿದ್ದು, ಹಂತಹಂತವಾಗಿ ಜಾರಿಗೆ ಬರುವಂತೆ ರೂಪಿತವಾಗಿವೆ. ವೈಯಕ್ತಿಕ ಅಥವಾ ಗೃಹಬಳಕೆಯ ಉದ್ದೇಶಕ್ಕೆ ಕಾಯ್ದೆ ವಿನಾಯಿತಿ ನೀಡಿದೆ ನಿಜ. ಆದರೆ ಜಗತ್ತಿಗೆಲ್ಲ ತೆರೆದ ಪುಟದಲ್ಲಿ ಊರವರ ದೂರವಾಣಿ ಸಂಖ್ಯೆಗಳನ್ನು ಪಟ್ಟಿ ಮಾಡುವವರು ಆ ವಿನಾಯಿತಿಯನ್ನೇ ನೆಚ್ಚಿ ಕೂರುವುದು ಜಾಣತನವಲ್ಲ.

ಮಕ್ಕಳ ವಿಷಯದಲ್ಲಿ ಎಚ್ಚರ ಇನ್ನೂ ಹೆಚ್ಚು ಬೇಕು. ಅಪರಾಧಕ್ಕೆ ಬಲಿಯಾದ ಅಥವಾ ಕಾನೂನಿನೊಡನೆ ಸಂಘರ್ಷಕ್ಕೊಳಗಾದ ಮಗುವಿನ ಗುರುತನ್ನು ಬಹಿರಂಗಪಡಿಸುವುದು ಬಾಲನ್ಯಾಯ ಕಾಯ್ದೆಯಡಿ ಅಪರಾಧ. ವಾರ್ಷಿಕೋತ್ಸವದ ಚಿತ್ರಕ್ಕೆ ಅಂಥ ನಿಷೇಧವಿಲ್ಲವಾದರೂ ಪೋಷಕರ ಒಪ್ಪಿಗೆ ಪಡೆಯುವುದು, ಚಿತ್ರದ ಕೆಳಗೆ ಹೆಸರು, ತರಗತಿ, ಮನೆಯ ವಿಳಾಸ ಹಾಕದಿರುವುದು ನೀತಿ. ಇಂದಿನ ಮಗು ನಾಳೆ ಉದ್ಯೋಗ ಅರಸುವ ವಯಸ್ಕನಾಗುತ್ತಾನೆ. ಒಮ್ಮೆ ಅಂತರ್ಜಾಲಕ್ಕೆ ಏರಿದ ಚಿತ್ರದ ಪ್ರತಿಗಳು ಎಲ್ಲೆಲ್ಲಿ ಉಳಿದಿವೆ ಎಂಬುದನ್ನು ಏರಿಸಿದವರೂ ತಿಳಿಯಲಾರರು.

ಆರೋಪಕ್ಕೆ ಆಧಾರವಿರಲಿ

ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಮನ್ನು ಸುಪ್ರೀಂ ಕೋರ್ಟ್ 2015ರಲ್ಲಿ ರದ್ದುಪಡಿಸಿದ ಬಳಿಕ ಅಂತರ್ಜಾಲದಲ್ಲಿ ಏನನ್ನಾದರೂ ಬರೆಯಬಹುದೆಂಬ ಭಾವನೆ ಕೆಲವರಲ್ಲಿದೆ. ಅದು ತಪ್ಪು. ಮಾನಹಾನಿ ಇಂದಿಗೂ ಅಪರಾಧ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಿನಡಿ ಎರಡು ವರ್ಷಗಳವರೆಗೆ ಸೆರೆವಾಸ, ದಂಡ, ಅಥವಾ ಸಮುದಾಯ ಸೇವೆಯ ಶಿಕ್ಷೆಗೆ ಅವಕಾಶವಿದೆ. ಬರೆದದ್ದು ಸತ್ಯವೆಂದರಷ್ಟೇ ಸಾಲದು, ಅದರ ಪ್ರಕಟಣೆ ಸಾರ್ವಜನಿಕ ಹಿತಕ್ಕಾಗಿ ಎಂಬುದನ್ನೂ ತೋರಿಸಬೇಕು.

ಹಾಗೆಂದು ಕೆರೆ ಕಾಮಗಾರಿಯ ಕುರಿತು ಶಿಕ್ಷಕರು ಮೌನ ವಹಿಸಬೇಕಿಲ್ಲ. ಮಾಹಿತಿ ಹಕ್ಕು ಕಾಯ್ದೆಯಡಿ ದಾಖಲೆ ಪಡೆದು, ಅದರಲ್ಲಿರುವ ಅಂಕಿಅಂಶವನ್ನು ಅದಿರುವಂತೆಯೇ ನೀಡಿ, ಸಂಬಂಧಪಟ್ಟವರ ಉತ್ತರವನ್ನೂ ಕೇಳಿ ಪ್ರಕಟಿಸಿದರೆ ಅವರ ಬರಹ ಗಟ್ಟಿ ನೆಲದ ಮೇಲೆ ನಿಲ್ಲುತ್ತದೆ. ತಪ್ಪು ಕಂಡುಬಂದರೆ ಸದ್ದಿಲ್ಲದೆ ಅಳಿಸುವ ಬದಲು ದಿನಾಂಕ ನಮೂದಿಸಿ ತಿದ್ದುವುದು ಲೇಸು.

ಈ ಕೆಲಸಗಳಿಗೆ ಹೆಚ್ಚಿನ ವೆಚ್ಚವಿಲ್ಲ. ಕೃತಿಯ ಹಕ್ಕುದಾರರಿಗೆ ಒಂದು ಪತ್ರ, ಪೋಷಕರಿಗೆ ಒಂದು ಮಾತು, ಆರೋಪಕ್ಕೊಳಗಾದವರಿಗೆ ಒಂದು ಪ್ರಶ್ನೆ, ಪುಟದ ಕೆಳಗೆ ದೂರು ಸಲ್ಲಿಸಲು ಒಂದು ಮಿಂಚಂಚೆ ವಿಳಾಸ. ಪತ್ರಿಕಾ ಕಚೇರಿಯಲ್ಲಿ ಹಲವರು ಹಂಚಿಕೊಳ್ಳುವ ಈ ಹೊಣೆಯನ್ನು ಸ್ವಂತ ಜಾಲತಾಣದ ಒಡೆಯರು ಒಬ್ಬರೇ ನಿರ್ವಹಿಸಬೇಕಾಗುತ್ತದೆ.