ಉಪಗ್ರಹ ದತ್ತಾಂಶದ ಮೂಲಕ ಸಸ್ಯ ಬೆಳವಣಿಗೆ ಮತ್ತು ಇಂಗಾಲ ಹೀರಿಕೆಯ ಅಂದಾಜು

ಉಪಗ್ರಹ ದತ್ತಾಂಶದ ಮೂಲಕ ಸಸ್ಯ ಬೆಳವಣಿಗೆ ಮತ್ತು ಇಂಗಾಲ ಹೀರಿಕೆಯ ಅಂದಾಜು ದೂರಸಂವೇದನೆಯ ಒಂದು ಪ್ರಮುಖ ಅನ್ವಯವಾಗಿದೆ. ನೆಲದಿಂದ ಪ್ರತಿಫಲಿಸಿದ ಸೂರ್ಯನ ಬೆಳಕನ್ನು ಉಪಗ್ರಹಗಳಲ್ಲಿರುವ ಸಂವೇದಕಗಳು ಅಳೆಯುತ್ತವೆ. ಆ ಅಳತೆಯಿಂದ ಒಂದು ಪ್ರದೇಶದಲ್ಲಿ ಹಸಿರು ಎಷ್ಟಿದೆ, ಅದು ಯಾವಾಗ ಚಿಗುರಿತು, ಯಾವಾಗ ಒಣಗಿತು ಹಾಗೂ ಬೆಳೆಯುವಾಗ ವಾತಾವರಣದಿಂದ ಸುಮಾರು ಎಷ್ಟು ಇಂಗಾಲವನ್ನು ಹೀರಿಕೊಂಡಿತು ಎಂಬುದನ್ನು ಲೆಕ್ಕ ಹಾಕಲಾಗುತ್ತದೆ. ಬರದ ಅಂದಾಜು, ಬೆಳೆ ಸಮೀಕ್ಷೆ, ಅರಣ್ಯ ಗಣತಿ ಹಾಗೂ ಹವಾಮಾನ ಬದಲಾವಣೆಯ ಅಧ್ಯಯನಗಳಲ್ಲಿ ಈ ವಿಧಾನ ಬಳಕೆಯಲ್ಲಿದೆ. ವರ್ಷದ ಕೆಲವೇ ತಿಂಗಳು ಹಸಿರಾಗಿರುವ ಅರೆಶುಷ್ಕ ಹುಲ್ಲುಗಾವಲುಗಳಲ್ಲಿ ಈ ಅಂಕಿಗಳನ್ನು ವಿಶೇಷ ಎಚ್ಚರಿಕೆಯಿಂದ ಓದಬೇಕಾಗುತ್ತದೆ. ಗೌರಸಮುದ್ರವೂ ಸೇರಿದಂತೆ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ–ಮೊಳಕಾಲ್ಮೂರು ಸೀಮೆ ಇದಕ್ಕೆ ಉತ್ತಮ ನಿದರ್ಶನವಾಗಿದೆ.

ಇತಿಹಾಸ

1972ರಲ್ಲಿ ಅಮೆರಿಕವು ಉಡಾಯಿಸಿದ ಲ್ಯಾಂಡ್‌ಸ್ಯಾಟ್-1 ಉಪಗ್ರಹದ ಚಿತ್ರಗಳನ್ನು ಬಳಸಿ, ಆ ದೇಶದ ಮಧ್ಯಭಾಗದ ವಿಶಾಲ ಹುಲ್ಲುಗಾವಲುಗಳು ಋತುಮಾನಕ್ಕೆ ತಕ್ಕಂತೆ ಹಸಿರಾಗುವುದನ್ನು ಅಳೆಯುವ ಪ್ರಯತ್ನ ನಡೆಯಿತು. ಇಂದು ಜಗತ್ತಿನಾದ್ಯಂತ ಬಳಕೆಯಲ್ಲಿರುವ ಸಸ್ಯ ಸೂಚ್ಯಂಕವು ಈ ಅಧ್ಯಯನದಿಂದ ಪ್ರಚಾರಕ್ಕೆ ಬಂದಿತು. ಅದೇ ದಶಕದಲ್ಲಿ ಬ್ರಿಟಿಷ್ ವಿಜ್ಞಾನಿ ಜಾನ್ ಮಾಂಟೀತ್ ಅವರು, ಸಸ್ಯವು ಹೀರಿಕೊಂಡ ಬೆಳಕಿನ ಪ್ರಮಾಣಕ್ಕೂ ಅದರ ಬೆಳವಣಿಗೆಗೂ ನೇರ ಸಂಬಂಧವಿದೆ ಎಂಬುದನ್ನು ನಿರೂಪಿಸಿದರು. ಉಪಗ್ರಹ ಆಧಾರಿತ ಇಂಗಾಲದ ಲೆಕ್ಕಕ್ಕೆ ಈ ಎರಡೂ ಅಡಿಪಾಯವಾದವು.

ಭಾರತದ ಮೊದಲ ಕಾರ್ಯನಿರತ ದೂರಸಂವೇದಿ ಉಪಗ್ರಹವಾದ ಐಆರ್‌ಎಸ್-1ಎ 1988ರ ಮಾರ್ಚ್ 17ರಂದು ಉಡಾವಣೆಗೊಂಡಿತು. ಅದರ ಪರಂಪರೆಯಲ್ಲಿ ಬಂದ ರಿಸೋರ್ಸ್‌ಸ್ಯಾಟ್ ಉಪಗ್ರಹಗಳು 2003, 2011 ಮತ್ತು 2016ರಲ್ಲಿ ಕಕ್ಷೆ ಸೇರಿದವು. ಅಮೆರಿಕದ ಟೆರ್ರಾ ಮತ್ತು ಆಕ್ವಾ ಉಪಗ್ರಹಗಳಲ್ಲಿರುವ ಮೋಡಿಸ್ ಸಂವೇದಕವು 2000ದಿಂದೀಚೆಗೆ ಇಡೀ ಭೂಮಿಯ ಹಸಿರಿನ ದಾಖಲೆಯನ್ನು ಒದಗಿಸಿದೆ. ಯುರೋಪಿನ ಸೆಂಟಿನೆಲ್-2 ಜೋಡಿ ಉಪಗ್ರಹಗಳು 10 ಮೀಟರ್ ಸೂಕ್ಷ್ಮತೆಯ ಚಿತ್ರಗಳನ್ನು ಸುಮಾರು ಐದು ದಿನಗಳಿಗೊಮ್ಮೆ ನೀಡುತ್ತವೆ.

ಸಸ್ಯ ಸೂಚ್ಯಂಕ

ಎಲೆಗಳಲ್ಲಿರುವ ಪತ್ರಹರಿತ್ತು ಆಹಾರ ತಯಾರಿಕೆಗಾಗಿ ಕೆಂಪು ಬೆಳಕನ್ನು ಹೆಚ್ಚಾಗಿ ಹೀರಿಕೊಳ್ಳುತ್ತದೆ. ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಎಲೆಯ ಒಳರಚನೆಯು ಹೆಚ್ಚಾಗಿ ಹಿಂದಕ್ಕೆ ಕಳುಹಿಸುತ್ತದೆ. ಬರಿ ಮಣ್ಣಿನಲ್ಲಿ ಇವೆರಡರ ನಡುವಿನ ಅಂತರ ಕಡಿಮೆ. ಅವಕೆಂಪು ಪ್ರತಿಫಲನದಿಂದ ಕೆಂಪು ಪ್ರತಿಫಲನವನ್ನು ಕಳೆದು, ಬಂದ ಶೇಷವನ್ನು ಎರಡರ ಮೊತ್ತದಿಂದ ಭಾಗಿಸಿದರೆ ದೊರೆಯುವ ಸಂಖ್ಯೆಯನ್ನು ಸಾಮಾನ್ಯೀಕೃತ ವ್ಯತ್ಯಾಸ ಸಸ್ಯ ಸೂಚ್ಯಂಕ ಅಥವಾ ಎನ್‌ಡಿವಿಐ ಎಂದು ಕರೆಯುತ್ತಾರೆ. ಇದು –1ರಿಂದ +1ರವರೆಗೆ ಇರುತ್ತದೆ.

ಉದಾಹರಣೆಗೆ, ಮಳೆಯ ನಂತರದ ಒಂದು ಹೊಲ ಅವಕೆಂಪಿನಲ್ಲಿ 0.40, ಕೆಂಪಿನಲ್ಲಿ 0.08 ಭಾಗ ಬೆಳಕನ್ನು ಪ್ರತಿಫಲಿಸಿತೆಂದು ಭಾವಿಸಿದರೆ ಸೂಚ್ಯಂಕ 0.67 ಆಗುತ್ತದೆ. ಬೇಸಿಗೆಯಲ್ಲಿ ಅದೇ ಹೊಲ ಅನುಕ್ರಮವಾಗಿ 0.30 ಮತ್ತು 0.20 ಭಾಗವನ್ನು ಪ್ರತಿಫಲಿಸಿದರೆ ಸೂಚ್ಯಂಕ 0.20ಕ್ಕೆ ಇಳಿಯುತ್ತದೆ. ಹುಲ್ಲು ವಿರಳವಾಗಿರುವ ಕಡೆ ಕೆಳಗಿನ ಮಣ್ಣಿನ ಬಣ್ಣವೂ ಸೂಚ್ಯಂಕದೊಳಗೆ ಸೇರಿಬಿಡುತ್ತದೆ. ಇದನ್ನು ಸರಿಪಡಿಸಲು 1988ರಲ್ಲಿ ಆಲ್ಫ್ರೆಡೊ ಹುಯೆಟೆ ಅವರು ಮಣ್ಣಿನ ಪ್ರಭಾವವನ್ನು ತಗ್ಗಿಸುವ ಇನ್ನೊಂದು ಸೂಚ್ಯಂಕವನ್ನು ರೂಪಿಸಿದರು.

ಮೋಡ ಮುಸುಕಿದ ದಿನ ಈ ಬಗೆಯ ಉಪಗ್ರಹಗಳಿಗೆ ನೆಲ ಕಾಣುವುದಿಲ್ಲ. ಆದ್ದರಿಂದ ಹಲವು ದಿನಗಳ ಚಿತ್ರಗಳಿಂದ ಅತ್ಯುತ್ತಮ ಅಳತೆಯನ್ನು ಆಯ್ದುಕೊಳ್ಳಲಾಗುತ್ತದೆ. ಮೋಡಿಸ್‌ನ ಸಸ್ಯ ಸೂಚ್ಯಂಕವು 16 ದಿನಗಳ ಅವಧಿಗೆ ಒಂದರಂತೆ, 250 ಮೀಟರ್ ಸೂಕ್ಷ್ಮತೆಯಲ್ಲಿ ದೊರೆಯುತ್ತದೆ.

ಇಂಗಾಲದ ಲೆಕ್ಕ

ಸೂಚ್ಯಂಕವು ಹಸಿರನ್ನು ಸೂಚಿಸುತ್ತದೆಯೇ ಹೊರತು ಇಂಗಾಲವನ್ನು ನೇರವಾಗಿ ಅಳೆಯುವುದಿಲ್ಲ. ಇಂಗಾಲದ ಅಂದಾಜಿಗೆ ಮೂರು ಅಂಶಗಳನ್ನು ಪರಸ್ಪರ ಗುಣಿಸಲಾಗುತ್ತದೆ: ದ್ಯುತಿಸಂಶ್ಲೇಷಣೆಗೆ ಒದಗುವ ಬೆಳಕು, ಅದರಲ್ಲಿ ಎಲೆಗಳು ಹೀರಿಕೊಂಡ ಭಾಗ ಹಾಗೂ ಹೀರಿದ ಬೆಳಕನ್ನು ಇಂಗಾಲವಾಗಿ ಮಾರ್ಪಡಿಸುವ ದಕ್ಷತೆ. ಎರಡನೆಯ ಅಂಶವನ್ನು ಸಸ್ಯ ಸೂಚ್ಯಂಕದಂತಹ ಉಪಗ್ರಹ ಅಳತೆಗಳಿಂದ ಪಡೆಯಲಾಗುತ್ತದೆ. ಬಿಸಿಲಿನ ತಾಪ ಮತ್ತು ತೇವಾಂಶದ ಕೊರತೆಯನ್ನು ಆಧರಿಸಿ ಮೂರನೆಯದನ್ನು ತಗ್ಗಿಸಲಾಗುತ್ತದೆ.

ಒಂದು ಚದರ ಮೀಟರ್ ನೆಲಕ್ಕೆ ದಿನವೊಂದಕ್ಕೆ 9 ಮೆಗಾಜೂಲ್ ಬೆಳಕು ಒದಗಿ, ಅದರಲ್ಲಿ 0.3 ಭಾಗವನ್ನು ಹುಲ್ಲು ಹೀರಿಕೊಂಡು, ಪ್ರತಿ ಮೆಗಾಜೂಲ್‌ಗೆ 0.8 ಗ್ರಾಂ ಇಂಗಾಲ ಸಂಗ್ರಹವಾದರೆ ಒಟ್ಟು ಸುಮಾರು 2.2 ಗ್ರಾಂ ಆಗುತ್ತದೆ. ಬಾಡಿದ ಹುಲ್ಲು 0.1 ಭಾಗ ಬೆಳಕನ್ನಷ್ಟೇ ಹೀರಿ, ದಕ್ಷತೆ 0.3 ಗ್ರಾಂಗೆ ಕುಸಿದರೆ ಅದೇ ಬೆಳಕಿನಲ್ಲಿ 0.3 ಗ್ರಾಂ ಕೂಡ ಸಿಗುವುದಿಲ್ಲ. ಇವು ಲೆಕ್ಕದ ಕ್ರಮವನ್ನು ತಿಳಿಸಲು ಊಹಿಸಿಕೊಂಡ ಸಂಖ್ಯೆಗಳು. ಹೀಗೆ ದೊರೆತ ಮೊತ್ತಕ್ಕೆ ಒಟ್ಟು ಪ್ರಾಥಮಿಕ ಉತ್ಪಾದಕತೆ ಎಂದು ಹೆಸರು. ಸಸ್ಯವು ತನ್ನ ಉಸಿರಾಟಕ್ಕಾಗಿ ವ್ಯಯಿಸಿದ್ದನ್ನು ಕಳೆದರೆ ನಿವ್ವಳ ಉತ್ಪಾದಕತೆ ಉಳಿಯುತ್ತದೆ. ಮಣ್ಣಿನ ಸೂಕ್ಷ್ಮಜೀವಿಗಳು ಬಿಟ್ಟುಕೊಡುವ ಇಂಗಾಲ, ಮೇವಾಗಿ ಹೋದ ಹುಲ್ಲು ಹಾಗೂ ಬೆಂಕಿಗೆ ಆಹುತಿಯಾದ ಭಾಗವನ್ನೂ ಕಳೆದ ಮೇಲೆ ಉಳಿಯುವುದೇ ನೆಲಕ್ಕೆ ಸೇರಿದ ನಿಜವಾದ ಉಳಿತಾಯ. ಒಂದು ಗ್ರಾಂ ಇಂಗಾಲವು ಸುಮಾರು 3.67 ಗ್ರಾಂ ಇಂಗಾಲದ ಡೈಆಕ್ಸೈಡ್‌ಗೆ ಸಮ.

ಚಳ್ಳಕೆರೆ–ಮೊಳಕಾಲ್ಮೂರು ಸೀಮೆ

ಮಾರಮ್ಮನ ಜಾತ್ರೆಯಿಂದ ಹೆಸರಾದ ಗೌರಸಮುದ್ರವು ಚಳ್ಳಕೆರೆ ತಾಲ್ಲೂಕಿನಲ್ಲಿದೆ. ಪಶ್ಚಿಮ ಘಟ್ಟಗಳ ಮಳೆನೆರಳಿನಲ್ಲಿರುವ ಈ ಸೀಮೆಯು ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ಪ್ರದೇಶಗಳಲ್ಲಿ ಒಂದಾಗಿದ್ದು, ಸೆಪ್ಟೆಂಬರ್–ಅಕ್ಟೋಬರ್ ತಿಂಗಳ ಮಳೆಯೇ ಇಲ್ಲಿ ಹೆಚ್ಚು ಆಸರೆ. ಮಳೆಯಾಶ್ರಿತ ಶೇಂಗಾ ಇಲ್ಲಿನ ಮುಖ್ಯ ಬೆಳೆ. ಕುರಿ ಸಾಕಣೆ ಮತ್ತು ಕಂಬಳಿ ನೇಯ್ಗೆ ಪರಂಪರಾಗತ ಕಸುಬುಗಳು. ಮ್ಯಾಸಬೇಡರು ದೇವರ ಎತ್ತುಗಳನ್ನು ಸಾಕುವ ಸಂಪ್ರದಾಯವೂ ಈ ಸೀಮೆಯಲ್ಲಿದೆ.

ಇಂತಹ ನೆಲದ ಹಸಿರು ಮಳೆಯ ಬೆನ್ನಿಗೇ ಏರಿ, ಮಳೆ ನಿಂತ ಕೆಲವು ವಾರಗಳಲ್ಲಿ ಇಳಿದುಬಿಡುತ್ತದೆ. ಏಪ್ರಿಲ್ ತಿಂಗಳ ಒಂದೇ ಚಿತ್ರವನ್ನು ನೋಡಿದವರಿಗೆ ಇದು ಬರಡು ನೆಲವಾಗಿ ತೋರುತ್ತದೆ. ಹಲವು ವರ್ಷಗಳ ಸೂಚ್ಯಂಕವನ್ನು ಸಾಲಾಗಿ ಜೋಡಿಸಿದಾಗ ಮಾತ್ರ ನೆಲದ ಜೀವಂತಿಕೆ ಕಾಣುತ್ತದೆ. ಶೇಂಗಾ ಹೊಲ ಮತ್ತು ಹುಲ್ಲುಗಾವಲುಗಳನ್ನು ಬೇರ್ಪಡಿಸುವುದಕ್ಕೂ ಈ ಏರಿಳಿತದ ಕಾಲಕ್ರಮವೇ ಸಹಾಯಕ. ಉತ್ತು ಬಿತ್ತಿದ ಹೊಲದ ಹಸಿರು ಬಿತ್ತನೆಯ ಬಳಿಕ ಮೂಡಿ ಕಟಾವಿಗೆ ಥಟ್ಟನೆ ಇಲ್ಲವಾಗುತ್ತದೆ. ಹುಲ್ಲು ಮೊದಲ ಮಳೆಗೇ ಚಿಗುರಿ, ನಿಧಾನವಾಗಿ ಒಣಗುತ್ತದೆ.

ಕಾವಲುಗಳು ಮತ್ತು ಬಂಜರುಭೂಮಿ ಎಂಬ ವರ್ಗೀಕರಣ

ಈ ಭಾಗದ ವಿಶಾಲ ಹುಲ್ಲುಗಾವಲುಗಳನ್ನು ಅಮೃತಮಹಲ್ ಕಾವಲುಗಳೆಂದು ಕರೆಯುತ್ತಾರೆ. ಮೈಸೂರು ಅರಸರ ಕಾಲದ ಬೆಣ್ಣೆ ಚಾವಡಿಗೆ ಟಿಪ್ಪು ಸುಲ್ತಾನನ ಆಳ್ವಿಕೆಯಲ್ಲಿ ಅಮೃತಮಹಲ್ ಎಂಬ ಹೆಸರು ಬಂದಿತು. ಅದರ ದನಗಳ ಮೇವಿಗಾಗಿ ಕಾವಲುಗಳನ್ನು ಕಾಯ್ದಿರಿಸಲಾಗಿತ್ತು. ಉಳ್ಳಾರ್ತಿ, ಖುದಾಪುರ ಮತ್ತು ವರವು ಕಾವಲುಗಳ ಸಾವಿರಾರು ಎಕರೆ ಭೂಮಿಯನ್ನು ರಾಜ್ಯ ಸರ್ಕಾರವು ಭಾರತೀಯ ವಿಜ್ಞಾನ ಸಂಸ್ಥೆ, ಇಸ್ರೊ, ಡಿಆರ್‌ಡಿಒ ಮತ್ತು ಭಾಭಾ ಪರಮಾಣು ಸಂಶೋಧನಾ ಕೇಂದ್ರಗಳಿಗೆ ಹಂಚಿಕೆ ಮಾಡಿತು. ಕುರಿಗಾಹಿಗಳು ಮತ್ತು ಸುತ್ತಲಿನ ಗ್ರಾಮಸ್ಥರು ಗೋಮಾಳದ ಹಕ್ಕಿಗಾಗಿ ಪ್ರತಿಭಟಿಸಿದರು. ಪ್ರಕರಣವು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮೆಟ್ಟಿಲೇರಿತು. 2017ರಲ್ಲಿ ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ವಲಯ ಇಲ್ಲಿ ಉದ್ಘಾಟನೆಗೊಂಡಿತು.

ಹುಲ್ಲುಗಾವಲನ್ನು ಕಾಗದದ ಮೇಲೆ ಹೇಗೆ ಹೆಸರಿಸಲಾಗುತ್ತದೆ ಎಂಬುದು ಇಂತಹ ಸಂದರ್ಭಗಳಲ್ಲಿ ಮುಖ್ಯವಾಗುತ್ತದೆ. ಹೈದರಾಬಾದಿನ ರಾಷ್ಟ್ರೀಯ ದೂರಸಂವೇದಿ ಕೇಂದ್ರದ ಉಪಗ್ರಹ ಚಿತ್ರಗಳನ್ನು ಆಧರಿಸಿ 2000ದಿಂದ ಪ್ರಕಟವಾಗುತ್ತಿರುವ ಭಾರತದ ಬಂಜರುಭೂಮಿ ನಕ್ಷಾಸಂಪುಟವು ಕುರುಚಲು ಗಿಡಗಳಿರುವ ಭೂಮಿಯನ್ನೂ ಬಂಜರಿನ ಪಟ್ಟಿಯಲ್ಲಿ ಸೇರಿಸುತ್ತದೆ. ಆದರೆ ಹುಲ್ಲುಗಾವಲಿನ ಇಂಗಾಲದ ಬಹುಭಾಗವು ಬೇರು ಮತ್ತು ಮಣ್ಣಿನಲ್ಲಿರುತ್ತದೆ. ಮೇಲಿನ ಹುಲ್ಲು ಒಣಗಿದರೂ, ಕುರಿ ಮೇಯ್ದರೂ ಆ ಸಂಗ್ರಹ ಉಳಿಯುತ್ತದೆ; ನೆಲವನ್ನು ಅಗೆದಾಗ ಅಥವಾ ಉತ್ತಾಗ ಅದರಲ್ಲಿ ಒಂದು ಭಾಗ ಮರಳಿ ಗಾಳಿಗೆ ಸೇರುತ್ತದೆ. ಉಪಗ್ರಹದ ಕಣ್ಣಿಗೆ ಬೀಳುವುದು ಮೇಲಿನ ಎಲೆ ಮಾತ್ರ.

ಬರದ ಅಂದಾಜಿನಲ್ಲಿ ಬಳಕೆ

ಪ್ರಸ್ತುತ ವಾರದ ಸೂಚ್ಯಂಕವನ್ನು ಅದೇ ಸ್ಥಳದ ಹಿಂದಿನ ವರ್ಷಗಳ ಕನಿಷ್ಠ ಮತ್ತು ಗರಿಷ್ಠ ಮೌಲ್ಯಗಳೊಡನೆ ಹೋಲಿಸಿ ಸಸ್ಯ ಸ್ಥಿತಿ ಸೂಚ್ಯಂಕವನ್ನು ಪಡೆಯಲಾಗುತ್ತದೆ. ಕೇಂದ್ರ ಸರ್ಕಾರದ 2016ರ ಬರ ನಿರ್ವಹಣಾ ಕೈಪಿಡಿಯ ಪ್ರಕಾರ, ಮಳೆಯ ಕೊರತೆ, ಬಿತ್ತನೆಯ ಪ್ರಮಾಣ ಮತ್ತು ಮಣ್ಣಿನ ತೇವಾಂಶಗಳ ಜೊತೆಗೆ ಇಂತಹ ಸೂಚ್ಯಂಕಗಳನ್ನೂ ಪರಿಗಣಿಸಲಾಗುತ್ತದೆ. 2023ರಲ್ಲಿ ಕರ್ನಾಟಕದ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತವೆಂದು ಘೋಷಿಸಲಾಯಿತು. ಶೇಂಗಾ ಬೆಳೆಗಾರನಿಗೆ ದೊರೆಯುವ ಪರಿಹಾರದ ಹಿಂದೆ ಈ ಅಂಕಿಗಳ ಪಾತ್ರವೂ ಇರುತ್ತದೆ.

ಮಿತಿಗಳು

ಹಸಿರು ಹೆಚ್ಚಿದ ಮಾತ್ರಕ್ಕೆ ನೆಲದ ಸ್ಥಿತಿ ಸುಧಾರಿಸಿತೆಂದು ಹೇಳಲಾಗದು. ಬಳ್ಳಾರಿ ಜಾಲಿಯು ಬೇಸಿಗೆಯಲ್ಲಿಯೂ ಹಸಿರಾಗಿರುವುದರಿಂದ ಅದು ಹಬ್ಬಿದಾಗ ಸೂಚ್ಯಂಕ ಏರುತ್ತದೆ. ಆದರೆ ಅದರಡಿಯಲ್ಲಿ ಹುಲ್ಲು ಕ್ಷೀಣಿಸಿ ಕುರಿಗಳಿಗೆ ಮೇವು ಇಲ್ಲವಾಗುತ್ತದೆ. ಕೊಳವೆಬಾವಿ ನೀರಾವರಿಯಿಂದಲೂ ಸೂಚ್ಯಂಕ ಏರುತ್ತದೆ; ಅದರಿಂದ ಅಂತರ್ಜಲ ಕುಸಿದದ್ದು ಚಿತ್ರದಲ್ಲಿ ಕಾಣುವುದಿಲ್ಲ. 2000–2017ರ ಮೋಡಿಸ್ ದತ್ತಾಂಶ ಆಧರಿಸಿ 2019ರಲ್ಲಿ ಪ್ರಕಟವಾದ ಅಧ್ಯಯನವೊಂದು ಭಾರತದ ಹಸಿರು ಹೆಚ್ಚಳದಲ್ಲಿ ಶೇ. 82ರಷ್ಟು ಕೃಷಿಭೂಮಿಯದೆಂದು ತಿಳಿಸಿತು. ಬೆಳೆಯ ಇಂಗಾಲವು ಕೊಯ್ಲಿನ ಬಳಿಕ ಬಹುತೇಕ ವಾತಾವರಣಕ್ಕೇ ಮರಳುವುದರಿಂದ ಇದನ್ನು ಶಾಶ್ವತ ಸಂಗ್ರಹವೆಂದು ಎಣಿಸಲಾಗದು.

ಇನ್ನೊಂದೆಡೆ, ದಟ್ಟವಾದ ಕಾಡಿನಲ್ಲಿ ಸೂಚ್ಯಂಕವು ಒಂದು ಮಟ್ಟದ ಮೇಲೆ ಏರುವುದಿಲ್ಲ. 250 ಮೀಟರ್‌ನ ಒಂದು ಚೌಕವು 15 ಎಕರೆಗೂ ಹೆಚ್ಚು ವಿಸ್ತಾರವಾಗಿದ್ದು, ಅದರಲ್ಲಿ ಹಲವು ರೈತರ ಹೊಲ, ಬೇಲಿ ಮತ್ತು ಹಳ್ಳಗಳು ಒಂದೇ ಸಂಖ್ಯೆಯಾಗಿ ಬೆರೆತುಹೋಗುತ್ತವೆ.

ನೆಲಮಟ್ಟದ ಪರಿಶೀಲನೆ

ಈ ಕಾರಣಗಳಿಂದ ಉಪಗ್ರಹದ ಅಂದಾಜನ್ನು ನೆಲದ ಅಳತೆಗಳೊಂದಿಗೆ ತಾಳೆ ನೋಡುವುದು ಅಗತ್ಯ. ನಿಗದಿತ ಚೌಕದೊಳಗಿನ ಹುಲ್ಲನ್ನು ಕೊಯ್ದು ಒಣಗಿಸಿ ತೂಗುವುದು, ವಿವಿಧ ಆಳಗಳಿಂದ ಮಣ್ಣು ತೆಗೆದು ಇಂಗಾಲದ ಅಂಶವನ್ನು ಪರೀಕ್ಷಿಸುವುದು ಹಾಗೂ ಗೋಪುರಗಳ ಮೇಲೆ ಉಪಕರಣ ಇರಿಸಿ ಗಾಳಿಯಲ್ಲಿ ಏರಿಳಿಯುವ ಇಂಗಾಲದ ಡೈಆಕ್ಸೈಡನ್ನು ಅಳೆಯುವುದು ಮುಖ್ಯ ವಿಧಾನಗಳಾಗಿವೆ. ಯಾವ ಕಾವಲಿನಲ್ಲಿ ಯಾವ ತಿಂಗಳು ಮೇವು ಸಿಗುತ್ತದೆ ಎಂಬ ಕುರಿಗಾಹಿಗಳ ತಿಳಿವಳಿಕೆಯನ್ನೂ ಇಂತಹ ಪರಿಶೀಲನೆಗೆ ಬಳಸಬಹುದು. ಲ್ಯಾಂಡ್‌ಸ್ಯಾಟ್ ಚಿತ್ರಗಳು 2008ರಿಂದ ಎಲ್ಲರಿಗೂ ಉಚಿತವಾಗಿವೆ. ಸೆಂಟಿನೆಲ್-2 ಮತ್ತು ಮೋಡಿಸ್ ದತ್ತಾಂಶಗಳೂ ಉಚಿತವಾಗಿ ದೊರೆಯುತ್ತವೆ. ಹೀಗಾಗಿ ಒಂದು ಗ್ರಾಮದ ಗೋಮಾಳವು ಹಿಂದಿನ ದಶಕಗಳಲ್ಲಿ ಮಳೆಗೆ ಹೇಗೆ ಚಿಗುರುತ್ತಿತ್ತು, ಈಗ ಹೇಗಿದೆ ಎಂಬುದನ್ನು ಯಾರು ಬೇಕಾದರೂ ಹೋಲಿಸಿ ನೋಡಬಹುದಾಗಿದೆ.